ಆಕಾಶದಿಂದ ಸುರಿಯುವ ನೀರು, ನೆಲದ ಮೇಲಿನ ಬೆಂಕಿ

(ಶತಮಾನೋತ್ಸವದ ಅಂಗವಾಗಿ ಸೇರಿದ್ದ ಪಾಲಕರ, ಹಿರಿಯ ವಿದ್ಯಾರ್ಥಿಗಳ ಹಾಗೂ ಶಿಕ್ಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶಾಲೆಯೊಂದಕ್ಕೆ ನೂರು ವರ್ಷ ತುಂಬಿದ ಹೊತ್ತಿನಲ್ಲಿ ಅದರ ಮುಖ್ಯಸ್ಥರಾದವರು ಶಾಲೆಯ ಚರಿತ್ರೆಯನ್ನು ಹೇಳುವುದು ವಾಡಿಕೆ. ನಮ್ಮ ತಾಳವಾಡಿ ಸೀಮೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಈ ಶಾಲೆ ಹೇಗೆ ಹುಟ್ಟಿತು, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನೆರೆಯ ಕೊಳ್ಳೇಗಾಲ ಮೈಸೂರಿಗೆ ಸೇರಿ ನಾವು ಇಲ್ಲಿಯೇ ಉಳಿದ ಮೇಲೆ ಕನ್ನಡದ ತರಗತಿಗಳು ಹೇಗೆ ನಡೆದುಬಂದವು ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಭೆಯಲ್ಲಿದ್ದಾರೆ. ಆ ಭಾರವನ್ನು ಅವರಿಗೆ ಬಿಟ್ಟು, ನಾವು ಇಂದು ಬೇರೆಯೇ ಒಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅದು ಕಾಡ್ಗಿಚ್ಚಿನ ವಿಷಯ. ವಿಶೇಷವಾಗಿ, ಕಾಡ್ಗಿಚ್ಚನ್ನು ಆಕಾಶದಿಂದ ನಂದಿಸುವ ಪ್ರಯತ್ನದ ಲಾಭ ಮತ್ತು ಅಪಾಯಗಳ ವಿಷಯ. ಶತಮಾನೋತ್ಸವದ ಪೆಂಡಾಲಿನಲ್ಲಿ ಇದೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣವನ್ನು ಮೊದಲೇ ನಿವೇದಿಸಿಕೊಳ್ಳುತ್ತೇವೆ.

ಕಳೆದ ಬೇಸಿಗೆಯಲ್ಲಿ ಎಂಟನೆಯ ತರಗತಿಯಲ್ಲಿ ದಹನಕ್ರಿಯೆಯ ಪಾಠ ಮಾಡುತ್ತಿದ್ದೆವು. ಬೆಂಕಿಗೆ ಇಂಧನ, ಗಾಳಿ, ಉಷ್ಣ ಈ ಮೂರೂ ಬೇಕು, ಒಂದನ್ನು ತೆಗೆದರೂ ಬೆಂಕಿ ಆರುತ್ತದೆ ಎಂದು ಕಪ್ಪುಹಲಗೆಯ ಮೇಲೆ ತ್ರಿಕೋನ ಬರೆದು ವಿವರಿಸಿ, ವಾಯುಪಡೆಯ ಹೆಲಿಕಾಪ್ಟರುಗಳು ಕಾಡಿನ ಮೇಲೆ ನೀರು ಸುರಿಯುವುದನ್ನು ಉದಾಹರಣೆಯಾಗಿ ಹೇಳಿದೆವು. ಕೊನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಟೀಚರ್, ಹೆಲಿಕಾಪ್ಟ್ರು ಬಂದ್ರ ನಮ್ಮಪ್ಪ ಬೆಂಕಿಗ್ ಹೋಗದು ಬ್ಯಾಡ್ವಾ?" ಆತನ ತಂದೆ ಪ್ರತಿ ಬೇಸಿಗೆಯಲ್ಲಿ ದಿನಗೂಲಿಯ ಮೇಲೆ ಕಾಡಿನ ಬೆಂಕಿ ಕಾಯುವ ಕೆಲಸಕ್ಕೆ ಹೋಗುವವರು. "ಬಂದರೆ ಒಳ್ಳೆಯದೇ, ಕೂತ್ಕೋಪ್ಪ" ಎಂದು ಹೇಳಿ ನಾವು ಪಾಠವನ್ನು ಮುಂದುವರಿಸಿದೆವು. ಅದು ಉತ್ತರವಾಗಿರಲಿಲ್ಲ ಎಂಬುದು ಆ ಮಗುವಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಂದು ಕೊಡದೆ ಉಳಿದ ಉತ್ತರವೇ ಇಂದಿನ ಈ ಮಾತುಗಳು. ಆ ಮಗು ಇಂದು ಈ ಸಭೆಯಲ್ಲಿದ್ದಾನೆ. ಅವನ ತಂದೆಯವರೂ ಇದ್ದಾರೆ.

ಈ ಕಥೆ ನಮ್ಮ ಮಗ್ಗುಲಲ್ಲೇ ನಡೆದದ್ದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿಕೊಂಡಿತು. ಗೋಪಾಲಸ್ವಾಮಿ ಬೆಟ್ಟದ ಸುತ್ತಣ ಇಳಿಜಾರುಗಳಲ್ಲಿ ಬೆಂಕಿ ಗಾಳಿಯ ಬೆನ್ನೇರಿ ಓಡಿತು. ಕೆಲವೇ ದಿನಗಳಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಗಿಲಾದ ಕಾಡು ಸುಟ್ಟಿತೆಂದು ಉಪಗ್ರಹ ಚಿತ್ರಗಳಿಂದ ತಿಳಿದುಬಂದಿತು. ನೆಲದ ಮೇಲಿನ ಜನರಿಂದ ತಡೆಯಲಾಗದೆ ಹೋದಾಗ, ಫೆಬ್ರವರಿ 25ರಂದು ಭಾರತೀಯ ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಬಂದವು. ಅವು ಬಂದದ್ದು ಎಲ್ಲಿಂದ? ಕೊಯಮತ್ತೂರಿನ ಬಳಿಯ ಸೂಲೂರಿನಿಂದ. ತಮಿಳುನಾಡಿನ ನೆಲದಿಂದ ಹಾರಿದ ಹೆಲಿಕಾಪ್ಟರು ಕರ್ನಾಟಕದ ಕಾಡಿನ ಬೆಂಕಿಗೆ ನೀರು ಸುರಿಯಿತು. ಗಡಿಯಲ್ಲಿ ಬಾಳುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬಂಡೀಪುರ, ಮುದುಮಲೆ, ಬಿಳಿಗಿರಿರಂಗನ ಬೆಟ್ಟ ಮತ್ತು 2013ರಲ್ಲಿ ಹುಲಿ ಮೀಸಲು ಪ್ರದೇಶವಾದ ನಮ್ಮ ಸತ್ಯಮಂಗಲದ ಕಾಡು, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಆನೆಗೆ ಹೇಗೋ ಹಾಗೆಯೇ ಬೆಂಕಿಗೂ ಅಲ್ಲಿ ಗಡಿಕಲ್ಲು ಕಾಣಿಸುವುದಿಲ್ಲ.

ಈ ಹೆಲಿಕಾಪ್ಟರು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡೋಣ. ಅದರ ಹೊಟ್ಟೆಯಿಂದ ಉದ್ದನೆಯ ಹಗ್ಗದಲ್ಲಿ ಒಂದು ದೊಡ್ಡ ತೊಟ್ಟಿ ತೂಗಾಡುತ್ತಿರುತ್ತದೆ. ಇದಕ್ಕೆ ಬಾಂಬಿ ಬಕೆಟ್ ಎಂದು ಹೆಸರು. ಗಟ್ಟಿ ಬಟ್ಟೆಯಿಂದ ಮಾಡಿದ, ಮಡಿಸಿ ಇಡಬಹುದಾದ ಈ ತೊಟ್ಟಿ 1980ರ ದಶಕದಲ್ಲಿ ಕೆನಡಾ ದೇಶದಲ್ಲಿ ರೂಪುಗೊಂಡಿತು. ಹೆಲಿಕಾಪ್ಟರು ಕೆರೆಯ ಅಥವಾ ಜಲಾಶಯದ ಮೇಲೆ ನಿಂತು ತೊಟ್ಟಿಯನ್ನು ನೀರಿನಲ್ಲಿ ಮುಳುಗಿಸಿ, ತುಂಬಿದ ಮೇಲೆ ಎತ್ತಿಕೊಂಡು ಬೆಂಕಿಯ ಕಡೆಗೆ ಹಾರುತ್ತದೆ. ಗುರಿಯ ಮೇಲೆ ಬಂದಾಗ ಅಡಿಯ ಬಾಯಿ ತೆರೆದುಕೊಂಡು ನೀರು ಒಮ್ಮೆಲೇ ಸುರಿಯುತ್ತದೆ. ನಮ್ಮ ವಾಯುಪಡೆ ಬಳಸುವ ತೊಟ್ಟಿಯಲ್ಲಿ ಸುಮಾರು 3,500 ಲೀಟರ್ ನೀರು ಹಿಡಿಯುತ್ತದೆ.

ಬೇರೆ ದೇಶಗಳಲ್ಲಿ ಈ ವಿದ್ಯೆಗೆ ಹಳೆಯ ಚರಿತ್ರೆಯೇ ಇದೆ. ಅಮೆರಿಕದಲ್ಲಿ 1919ರಲ್ಲಿಯೇ ವಿಮಾನಗಳಿಂದ ಕಾಡ್ಗಿಚ್ಚಿನ ಕಾವಲು ಆರಂಭವಾಯಿತು. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಹೊಲಗಳಿಗೆ ಔಷಧಿ ಸಿಂಪಡಿಸುತ್ತಿದ್ದ ಸಣ್ಣ ವಿಮಾನವನ್ನು ಮಾರ್ಪಡಿಸಿ ಕಾಡಿನ ಬೆಂಕಿಯ ಮೇಲೆ ನೀರು ಸುರಿಯಲಾಯಿತು. ಕೆನಡಾದವರು ಇದಕ್ಕೆಂದೇ ನಿರ್ಮಿಸಿದ ವಿಮಾನವು ಕೆರೆಯ ಮೇಲ್ಮೈಯನ್ನು ಸವರುತ್ತ ಓಡುತ್ತಲೇ ಸುಮಾರು 12 ಸೆಕೆಂಡುಗಳಲ್ಲಿ ಆರು ಸಾವಿರ ಲೀಟರ್ ನೀರನ್ನು ಹೊಟ್ಟೆಗೆ ತುಂಬಿಕೊಳ್ಳುತ್ತದೆ. ಆದರೆ ಅದಕ್ಕೆ ಉದ್ದನೆಯ, ಅಡೆತಡೆಯಿಲ್ಲದ ನೀರಿನ ಹರವು ಬೇಕು. ನಮ್ಮ ಕೆರೆಕಟ್ಟೆಗಳಿಗೆ ಅಂಥ ವಿಮಾನ ಒಗ್ಗದು, ಹೆಲಿಕಾಪ್ಟರೇ ಗತಿ.

ಇನ್ನು ಲಾಭಗಳ ವಿಚಾರ. ಮೊದಲನೆಯದು ವೇಗ. ಬೆಂಕಿ ಚಿಕ್ಕದಾಗಿರುವಾಗ ಮೊದಲ ಒಂದೆರಡು ಗಂಟೆಗಳಲ್ಲಿಯೇ ನೀರು ಬಿದ್ದರೆ ಅದು ದೊಡ್ಡದಾಗುವುದನ್ನು ತಡೆಯಬಹುದು. ಎರಡನೆಯದು, ಕಾಲಿಟ್ಟು ಏರಲಾಗದ ಬಂಡೆಗಳ ನಡುವೆ, ಕಡಿದಾದ ಕಣಿವೆಗಳಲ್ಲಿ ಉರಿಯುವ ಬೆಂಕಿಯನ್ನು ಮುಟ್ಟುವ ಶಕ್ತಿ. 2024ರ ಮಾರ್ಚಿಯಲ್ಲಿ ನೀಲಗಿರಿಯ ಕೂನೂರಿನ ಬಳಿ ಕಾಡು ಹೊತ್ತಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರು ಸಮೀಪದ ಜಲಾಶಯದಿಂದ ನೀರೆತ್ತಿ 16,000 ಲೀಟರಿಗೂ ಹೆಚ್ಚು ನೀರನ್ನು ಸುರಿಯಿತು. ಮೂರನೆಯದು ದೃಷ್ಟಿ. ಹೊಗೆಯೊಳಗೆ ನಿಂತವನಿಗೆ ಬೆಂಕಿ ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದು ಕಾಣುವುದಿಲ್ಲ. ಮೇಲಿನಿಂದ ನೋಡುವವನಿಗೆ ಕಾಣುತ್ತದೆ. ನಾಲ್ಕನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು: ಮೇಲಿನಿಂದ ಬಿದ್ದ ನೀರು ಜ್ವಾಲೆಯ ಎತ್ತರವನ್ನೂ ಕಾವನ್ನೂ ತಗ್ಗಿಸುತ್ತದೆ. ಆಗ ಹತ್ತಿರ ಹೋಗಲಾರದೆ ನಿಂತಿದ್ದ ಜನ ಹತ್ತಿರ ಹೋಗಿ ಕೆಲಸ ಮುಂದುವರಿಸಬಹುದು.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಕ್ಕಳೂ ಇರುವುದರಿಂದ ಒಂದು ಲೆಕ್ಕ ಮಾಡೋಣ. ಒಂದು ತೊಟ್ಟಿಯ 3,500 ಲೀಟರ್ ನೀರು ಐವತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಪಟ್ಟಿಯ ಮೇಲೆ ಸಮನಾಗಿ ಬಿತ್ತೆಂದು ಇಟ್ಟುಕೊಳ್ಳಿ. ಅದು ಐನೂರು ಚದರ ಮೀಟರು. ಒಂದು ಚದರ ಮೀಟರಿಗೆ ಏಳು ಲೀಟರ್. ಅಂದರೆ ಏಳು ಮಿಲಿಮೀಟರ್ ಮಳೆ. ಇದರಲ್ಲಿಯೂ ಒಂದಷ್ಟು ಗಾಳಿಗೆ ಚದುರಿಹೋಗುತ್ತದೆ, ಒಂದಷ್ಟು ಕಾವಿಗೆ ಆವಿಯಾಗುತ್ತದೆ, ಒಂದಷ್ಟು ಮರದ ತುದಿಯಲ್ಲಿಯೇ ಉಳಿಯುತ್ತದೆ. ಒಂದು ಕಿಲೋಮೀಟರ್ ಉದ್ದದ ಬೆಂಕಿಯ ಸಾಲಿಗೆ ಇಂಥ ಇಪ್ಪತ್ತು ತೊಟ್ಟಿಗಳು ಬೇಕು. ಕೆರೆಗೆ ಹೋಗಿ ಬರಲು ಒಂದು ಸಲಕ್ಕೆ ಕಾಲು ಗಂಟೆಯಾದರೆ ಒಟ್ಟು ಐದು ಗಂಟೆ. ಇಪ್ಪತ್ತನೆಯ ತೊಟ್ಟಿ ಬೀಳುವ ಹೊತ್ತಿಗೆ ಮೊದಲನೆಯದು ಬಿದ್ದ ಜಾಗ ಫಾಲ್ಗುಣದ ಬಿಸಿಲಿಗೆ ಒಣಗಿರುತ್ತದೆ. ಅಲ್ಲಿನ ಒಣಮರದ ಬೊಡ್ಡೆಯೊಳಗೆ ಅಡಗಿ ಕುಳಿತಿದ್ದ ಕೆಂಡ ಮತ್ತೆ ಕಣ್ಣು ತೆರೆಯುತ್ತದೆ.

ಕೂನೂರಿನ 16,000 ಲೀಟರನ್ನೂ ಇದೇ ಬಗೆಯಲ್ಲಿ ನೋಡಿ. ಬೇಸಿಗೆಯಲ್ಲಿ ಊರಿಗೆ ನೀರು ತರುವ ದೊಡ್ಡ ಟ್ಯಾಂಕರ್ ಲಾರಿಯಲ್ಲಿ ಹನ್ನೆರಡು ಸಾವಿರ ಲೀಟರ್ ಹಿಡಿಯುತ್ತದೆ. ಆಕಾಶದಿಂದ ಬಿದ್ದದ್ದು ಸುಮಾರು ಒಂದೂ ಮೂರನೆಯ ಒಂದು ಟ್ಯಾಂಕರಿನಷ್ಟು ನೀರು. ಲಾರಿ ಹೋಗಲಾರದ ಜಾಗಕ್ಕೆ ಅದು ತಲುಪಿತು ಎಂಬುದೇ ಅದರ ಬೆಲೆ. ಅದನ್ನು ನಾವು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಮೇಲಿನಿಂದ ಬಿದ್ದ ನೀರು ಬೆಂಕಿಯನ್ನು ತಡೆದು ನಿಲ್ಲಿಸುತ್ತದೆಯೇ ಹೊರತು ಪೂರ್ತಿಯಾಗಿ ಆರಿಸುವುದಿಲ್ಲ. ಬೆಂಕಿ ಆರಿತು ಎಂದು ಹೇಳಬೇಕಾದರೆ, ಯಾರಾದರೊಬ್ಬರು ನಡೆದುಹೋಗಿ, ಹೊಗೆಯಾಡುವ ಬೊಡ್ಡೆಯನ್ನು ಕೆದಕಿ, ಮಣ್ಣು ಮುಚ್ಚಿ, ಕೈಯಿಂದ ಮುಟ್ಟಿ ನೋಡಿ ಬರಬೇಕು. 2019ರಲ್ಲಿ ಬಂಡೀಪುರದಲ್ಲಿಯೂ ಹೆಲಿಕಾಪ್ಟರುಗಳ ಕೆಳಗೆ ನೂರಾರು ಜನ ಅರಣ್ಯ ಸಿಬ್ಬಂದಿ ಮತ್ತು ಸ್ವಯಂಸೇವಕರು ಹಸಿ ಸೊಪ್ಪಿನ ಕೊಂಬೆಗಳನ್ನು ಹಿಡಿದು ಬಡಿಯುತ್ತಿದ್ದರು. ಪತ್ರಿಕೆಗಳ ಮುಖಪುಟದಲ್ಲಿ ಬಂದದ್ದು ತೊಟ್ಟಿಯ ಚಿತ್ರ.

ಇನ್ನು ಅಪಾಯಗಳು. ನೀರು ಸುರಿಯಬೇಕಾದರೆ ವಿಮಾನವು ಬಹಳ ಕೆಳಗೆ, ನಿಧಾನವಾಗಿ, ಹೊಗೆಯ ನಡುವೆ, ಬೆಂಕಿಯ ಕಾವಿನಿಂದ ಎದ್ದ ಸುಳಿಗಾಳಿಯಲ್ಲಿ ಬೆಟ್ಟಗಳ ಮಗ್ಗುಲಲ್ಲಿ ಹಾರಬೇಕಾಗುತ್ತದೆ. ತಪ್ಪಿದರೆ ತಿದ್ದಿಕೊಳ್ಳಲು ಎತ್ತರವೂ ಇಲ್ಲ, ಸಮಯವೂ ಇಲ್ಲ. 2020ರ ಜನವರಿ 23ರಂದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದಲ್ಲಿ ಕಾಡ್ಗಿಚ್ಚಿನ ಮೇಲೆ ಹಾರುತ್ತಿದ್ದ ದೊಡ್ಡ ವಿಮಾನವೊಂದು ಬಿದ್ದು, ನೆರವಿಗೆಂದು ಅಮೆರಿಕದಿಂದ ಬಂದಿದ್ದ ಮೂವರು ತೀರಿಕೊಂಡರು. 2023ರ ಜುಲೈ 25ರಂದು ಗ್ರೀಸ್ ದೇಶದ ಎವಿಯಾ ದ್ವೀಪದಲ್ಲಿ ನೀರು ಸುರಿದು ಮೇಲೇರಲು ಹೊರಟ ವಿಮಾನ ಬೆಟ್ಟದ ಮಗ್ಗುಲಿಗೆ ಬಡಿದು ಇಬ್ಬರು ಚಾಲಕರು ಅಸುನೀಗಿದರು. ಬೇರೆಯವರ ಮನೆ ಉಳಿಸಲು ಹೋದವರ ಮನೆಗಳಲ್ಲಿ ಕತ್ತಲಾಯಿತು.

ಅಪಾಯ ಮೇಲಿರುವವರಿಗೆ ಮಾತ್ರವಲ್ಲ. ಟನ್ನುಗಟ್ಟಲೆ ತೂಕದ ನೀರು ಎತ್ತರದಿಂದ ಒಮ್ಮೆಲೇ ಬಿದ್ದರೆ ಅದರ ಹೊಡೆತ ಎಷ್ಟಿರುತ್ತದೆ ಎಂದು ಯೋಚಿಸಿ. 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮೆಂಡೊಸಿನೊ ಕಾಡ್ಗಿಚ್ಚಿನಲ್ಲಿ, ಭಾರಿ ವಿಮಾನವೊಂದು ತೀರ ಕೆಳಗಿನಿಂದ ಸುರಿದ ದ್ರವದ ಹೊಡೆತಕ್ಕೆ ದೊಡ್ಡ ಮರವೊಂದು ಬುಡಮೇಲಾಗಿ, ಅದರ ಕೆಳಗಿದ್ದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ಕಾಪಾಡಲೆಂದು ಸುರಿದದ್ದೇ ಕೊಂದಿತು. ಹೆಲಿಕಾಪ್ಟರು ತೀರ ತಗ್ಗಿದರೆ ಅದರ ರೆಕ್ಕೆಗಳ ಗಾಳಿ ತಿದಿಯೊತ್ತಿದಂತೆ ಬೆಂಕಿಯನ್ನೇ ಕೆರಳಿಸುವುದೂ ಉಂಟು. ಆದ್ದರಿಂದ ಮೇಲಿರುವವರಿಗೂ ಕೆಳಗಿರುವವರಿಗೂ ನಡುವೆ ಮಾತಿನ ಸಂಪರ್ಕವಿರಬೇಕು. ನೀರು ಬೀಳುವ ಮೊದಲು ಕೆಳಗಿನವರು ದೂರ ಸರಿಯಬೇಕು. ಕೈಯಲ್ಲಿ ವಾಕಿಟಾಕಿಯಿಲ್ಲದ ದಿನಗೂಲಿಯವರಿಗೆ ಈ ಎಚ್ಚರಿಕೆಯನ್ನು ತಲುಪಿಸುವವರು ಯಾರು ಎಂಬುದು ನಾವೆಲ್ಲ ಕೇಳಲೇಬೇಕಾದ ಪ್ರಶ್ನೆ.

ಪರಿಸರದ ಮೇಲಿನ ಪರಿಣಾಮವೂ ಇದೆ. ಅಮೆರಿಕದಂಥ ದೇಶಗಳಲ್ಲಿ ನೀರಿನ ಜೊತೆಗೆ ಅಮೋನಿಯಂ ಫಾಸ್ಫೇಟಿನಂಥ ಲವಣಗಳಿರುವ ಕೆಂಪು ದ್ರವವನ್ನು ಬೆಂಕಿಯ ಮುಂದಿನ ಹಾದಿಯಲ್ಲಿ ಸುರಿಯುತ್ತಾರೆ. ಅದು ಎಲೆ, ಹುಲ್ಲುಗಳು ಬೇಗ ಹೊತ್ತಿಕೊಳ್ಳದಂತೆ ತಡೆಯುತ್ತದೆ. ಆದರೆ ಹೊಳೆಗೆ ಬಿದ್ದರೆ ಮೀನುಗಳನ್ನು ಕೊಲ್ಲುತ್ತದೆ. ನೆಲಕ್ಕೆ ಬಿದ್ದರೆ ಗೊಬ್ಬರವಾಗಿ ಹೊರಗಿನ ಕಳೆಗಳನ್ನು ಬೆಳೆಸಬಲ್ಲದು. ನಮ್ಮಲ್ಲಿ ಸುರಿದದ್ದು ಬರಿಯ ನೀರು ಎಂಬುದು ಸಮಾಧಾನದ ಸಂಗತಿ. ದೊಡ್ಡ ಜಲಾಶಯಕ್ಕೆ ಕೆಲವು ತೊಟ್ಟಿ ನೀರು ಒಂದು ಲೆಕ್ಕವೇ ಅಲ್ಲ. ಆದರೆ ಮಾಘ–ಫಾಲ್ಗುಣಗಳಲ್ಲಿ ಕಾಡಿನೊಳಗಿನ ಚಿಕ್ಕ ಕಟ್ಟೆಗಳಲ್ಲಿ ಉಳಿದ ನೀರನ್ನೇ ನಂಬಿದ ಆನೆ, ಕಾಟಿ, ಜಿಂಕೆಗಳನ್ನು ಮರೆಯಲಾಗದು.

ಇದಲ್ಲದೆ ಹಾರಾಟಕ್ಕೆ ತನ್ನದೇ ಮಿತಿಗಳಿವೆ. ಗಾಳಿ ಬಲವಾದಾಗ ಹಾರಲಾಗದು, ಆದರೆ ಬೆಂಕಿ ಅತ್ಯಂತ ವೇಗವಾಗಿ ಹರಡುವುದೂ ಆಗಲೇ. 2025ರ ಜನವರಿ 7ರ ರಾತ್ರಿ ಲಾಸ್ ಏಂಜಲೀಸಿನಲ್ಲಿ ಮನೆಗಳು ಸಾಲುಸಾಲಾಗಿ ಉರಿಯುತ್ತಿದ್ದಾಗ ಬಿರುಗಾಳಿಯ ಕಾರಣ ವಿಮಾನಗಳನ್ನು ನೆಲದ ಮೇಲೆ ನಿಲ್ಲಿಸಬೇಕಾಯಿತು. ಜಗತ್ತಿನಲ್ಲಿಯೇ ಸಿರಿವಂತವೆನಿಸಿದ ನಗರಗಳಲ್ಲಿ ಒಂದರ ಕಥೆ ಇದು. ಎರಡು ದಿನಗಳ ಬಳಿಕ ಅಲ್ಲಿಯೇ ಯಾರೋ ಕುತೂಹಲಕ್ಕೆ ಹಾರಿಬಿಟ್ಟ ಡ್ರೋನು ನೀರು ಸುರಿಯುವ ವಿಮಾನದ ರೆಕ್ಕೆಗೆ ಬಡಿದು, ಆ ವಿಮಾನ ಕೆಲವು ದಿನ ಕೆಲಸದಿಂದ ಹೊರಗುಳಿಯಿತು. ಮೊಬೈಲು, ಡ್ರೋನುಗಳನ್ನು ಆಟದ ಸಾಮಾನಿನಂತೆ ಬಳಸುವ ನಮ್ಮ ಯುವಕರು ಈ ಮಾತನ್ನು ನೆನಪಿನಲ್ಲಿಡಬೇಕು.

ನಮ್ಮದೇ ರಾಜ್ಯದ ಕುರಂಗಣಿಯ ದುರಂತವನ್ನು ಯಾರೂ ಮರೆತಿರಲಾರಿರಿ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಆ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರು ಕಾಡ್ಗಿಚ್ಚಿಗೆ ಸಿಕ್ಕಿದರು. ಇಪ್ಪತ್ತಕ್ಕೂ ಹೆಚ್ಚು ಜನ, ಹೆಚ್ಚಿನವರು ಚಿಕ್ಕ ವಯಸ್ಸಿನವರು, ಪ್ರಾಣ ಕಳೆದುಕೊಂಡರು. ವಾಯುಪಡೆ ನೆರವಿಗೆ ಧಾವಿಸಿತು. ಆದರೆ ಕತ್ತಲೆ ಕವಿದ ಇಳಿಜಾರಿನಲ್ಲಿ ಹೆಲಿಕಾಪ್ಟರು ಮಾಡಬಲ್ಲದ್ದು ಅಲ್ಪ. ಆ ರಾತ್ರಿ ಬೆಟ್ಟ ಹತ್ತಿ, ಸುಟ್ಟವರನ್ನು ಹೊತ್ತು ಇಳಿಸಿದವರಲ್ಲಿ ಆ ಸುತ್ತಿನ ಹಳ್ಳಿಗರೂ ಗಿರಿಜನರೂ ಇದ್ದರು. ನಮ್ಮ ನೆರೆಯ ಬಂಡೀಪುರದಲ್ಲಿಯೂ 2017ರ ಫೆಬ್ರವರಿಯಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಮರಳಿ ಬರಲಿಲ್ಲ.

ಹಾಗಾದರೆ ಆಕಾಶದ ನೆರವು ಬೇಡವೆ? ಬೇಕು, ಖಂಡಿತವಾಗಿ ಬೇಕು. ಆದರೆ ಅದು ಕೊನೆಯ ನೆರವು. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ನಮ್ಮ ಗಾದೆಯನ್ನು ಹೆಲಿಕಾಪ್ಟರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ತೋಡಬೇಕಾದ ಕಾಲದಲ್ಲಿ ತೋಡದೆ ಕುಳಿತ ನಮ್ಮ ಮೇಲೆಯೇ ಅದು ಬೀಳುತ್ತದೆ. ಕಾಡಿನ ಬೆಂಕಿಗೆ ಬಾವಿ ತೋಡುವ ಕಾಲ ಪುಷ್ಯ ಮಾಸ. ಹುಲ್ಲು ಪೂರ್ತಿ ಒಣಗುವ ಮೊದಲೇ ಅರಣ್ಯ ಇಲಾಖೆಯವರು ಪಟ್ಟಿ ಪಟ್ಟಿಯಾಗಿ ಕಸ ಸವರಿ ಸುಟ್ಟು ಬೆಂಕಿ ರೇಖೆ ಮಾಡುತ್ತಾರೆ. ಓಡಿಬಂದ ಬೆಂಕಿ ಅಲ್ಲಿ ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ಕಪ್ಪುಹಲಗೆಯ ತ್ರಿಕೋನದಲ್ಲಿ ಒಂದು ಬದಿಯನ್ನು ಅಳಿಸುವುದೆಂದರೆ ಇದೇ.

ಈ ಜ್ಞಾನ ನಮ್ಮ ಕಾಡಿನ ಮಕ್ಕಳಿಗೆ ಇಲಾಖೆಗಳು ಹುಟ್ಟುವ ಮೊದಲೇ ಇತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಎಂದು ಕರೆಯುವ ಒಂದು ಪದ್ಧತಿಯನ್ನು ಅನುಸರಿಸುತ್ತಿದ್ದರು. ತರಗೆಲೆ ಬಿದ್ದಿರುವಾಗ, ಬಿರುಬೇಸಿಗೆ ಬರುವ ಮುನ್ನ, ನೆಲದ ಮೇಲೆ ತಗ್ಗಾಗಿ ಓಡುವ ಸಣ್ಣ ಬೆಂಕಿ ಇಡುತ್ತಿದ್ದರು. ಮರ ಸುಡುತ್ತಿರಲಿಲ್ಲ, ಕಸ ಸುಡುತ್ತಿತ್ತು. ಹೊಸ ಹುಲ್ಲು ಚಿಗುರುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ, 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತಿತು. ಆ ಬಳಿಕ ಲಾಂಟಾನ ಪೊದೆ ಕಾಡನ್ನೆಲ್ಲ ಕವಿಯಿತು. ಅದು ಒಣಗಿ ನಿಂತಾಗ ನೆಲದ ಬೆಂಕಿಗೆ ಮರದ ತುದಿಗೆ ಏರಲು ಏಣಿಯಾಗುತ್ತದೆ. ಸಣ್ಣ ಬೆಂಕಿ ನಿಂತದ್ದೇ ಲಾಂಟಾನ ಹಬ್ಬಲು ಒಂದು ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳಲ್ಲಿ ಹಲವರು ಆ ಮಾತಿಗೆ ಕಿವಿಗೊಟ್ಟಿದ್ದಾರೆ. ಇದರರ್ಥ ಯಾರು ಬೇಕಾದರೂ ಕಾಡಿಗೆ ಬೆಂಕಿ ಇಡಬಹುದೆಂದಲ್ಲ. ಯಾವಾಗ, ಎಲ್ಲಿ, ಎಷ್ಟು ಎಂಬುದನ್ನು ಬಲ್ಲವರ ಮಾತನ್ನು ಕೇಳಬೇಕೆಂದು. ಈ ಶಾಲೆಯಲ್ಲಿ ಸೋಲಿಗರ ಮಕ್ಕಳು ಓದುತ್ತಿದ್ದಾರೆ. ಅವರ ಅಜ್ಜಂದಿರಲ್ಲಿ ಒಬ್ಬರನ್ನಾದರೂ ವಿಜ್ಞಾನದ ಪಾಠಕ್ಕೆ ಕರೆಸಬೇಕೆಂದು ನೂರು ವರ್ಷಗಳಲ್ಲಿ ನಮಗೆ ತೋಚಲಿಲ್ಲ. ಈ ವರ್ಷ ಕರೆಸುತ್ತೇವೆ.

ಆಕಾಶದ ಇನ್ನೊಂದು ನೆರವಿದೆ. ಅದಕ್ಕೆ ಸದ್ದಿಲ್ಲ. ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳು ಕಂಡ ಬೆಂಕಿಯ ಸುಳಿವನ್ನು ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶವಾಗಿ ಕಳುಹಿಸುತ್ತದೆ. ಹೆಸರು ನೋಂದಾಯಿಸಿಕೊಂಡ ಸಾರ್ವಜನಿಕರಿಗೂ ಅದು ಬರುತ್ತದೆ. ಬೆಂಕಿ ದೊಡ್ಡದಾದ ಮೇಲೆ ಬರುವ ಹೆಲಿಕಾಪ್ಟರಿಗಿಂತ, ಚಿಕ್ಕದಿರುವಾಗಲೇ ಬರುವ ಈ ಸಂದೇಶದ ಉಪಯೋಗ ನಮ್ಮಂಥ ಊರಿಗೆ ಹೆಚ್ಚು.

ಇಷ್ಟು ಹೇಳಿದ ಮೇಲೆ ನಮ್ಮ ಒಂದು ತಪ್ಪನ್ನೂ ಹೇಳದಿದ್ದರೆ ಈ ಮಾತುಗಳು ಬರಿಯ ಉಪದೇಶವಾದಾವು. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುತೇಕ ಎಲ್ಲವೂ ಮನುಷ್ಯರ ಕೈಯಿಂದಲೇ ಆಗುವಂಥವು. ಆ ಕೈಗಳಲ್ಲಿ ನಮ್ಮದೂ ಒಂದಾಗಿತ್ತು. ಹಲವು ವರ್ಷಗಳ ಹಿಂದೆ, ವಾರ್ಷಿಕೋತ್ಸವಕ್ಕೆ ಆವರಣ ಚೊಕ್ಕಟವಾಗಿರಲೆಂದು ಮಕ್ಕಳಿಂದ ತರಗೆಲೆ ಗುಡಿಸಿಸಿ, ಹಿಂಬದಿಯ ಬೇಲಿಯ ಬಳಿ ರಾಶಿ ಹಾಕಿಸಿ, ನಾವೇ ಕಡ್ಡಿ ಗೀರಿದೆವು. ಮಧ್ಯಾಹ್ನದ ಗಾಳಿ ಎದ್ದಿತು. ನೋಡನೋಡುತ್ತಿದ್ದಂತೆ ಬೇಲಿ ಹೊತ್ತಿಕೊಂಡು ಪಕ್ಕದ ಹೊಲದ ಹುಲ್ಲಿನ ಬಣವೆಯ ಕಡೆಗೆ ಬೆಂಕಿ ತಿರುಗಿತು. ಅದರ ಆಚೆಗೆ ಕುರುಚಲು, ಕುರುಚಲಿನ ಆಚೆಗೆ ಕಾಡು. ಅಂದು ಹೊಲದಲ್ಲಿದ್ದವರು ಓಡಿಬಂದು ಸೊಪ್ಪಿನಿಂದ ಬಡಿದು, ಬಿಂದಿಗೆಗಳಲ್ಲಿ ನೀರು ತಂದು ಆರಿಸಿದರು. ಬಣವೆ ಉಳಿಯಿತು. ಆ ಹೊಲದ ಯಜಮಾನರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. "ನೀವೇ ಹಿಂಗ್ ಮಾಡುದ್ರ ಮಕ್ಕುಳ್ಗ ಯಾರ್ ಹೇಳ್ಕೊಡರು, ಅಮ್ಮಾ?" ಎಂದಷ್ಟೇ ಕೇಳಿದರು. ಆ ವರ್ಷದಿಂದ ಶಾಲೆಯ ತರಗೆಲೆಯೆಲ್ಲ ಗೊಬ್ಬರದ ಗುಂಡಿಗೆ ಹೋಗುತ್ತಿದೆ. ಆದರೆ ಅವರ ಆ ಮಾತು ನಮ್ಮ ಮನಸ್ಸಿನಿಂದ ಹೋಗಿಲ್ಲ.

ಆದ್ದರಿಂದ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ. ಸಂಕ್ರಾಂತಿ ಕಳೆದ ಮೇಲೆ ಮೊದಲ ಮಳೆ ಬೀಳುವವರೆಗೆ ಕಾಡಂಚಿನ ಹೊಲಗಳಲ್ಲಿ ಕಸಕ್ಕೆ ಕಡ್ಡಿ ಗೀರಬೇಡಿ. ದನ ಮೇಯಿಸಲು ಹೋದಾಗ ಬೀಡಿಯನ್ನು ಹೊಸಕಿ ಆರಿಸದೆ ಎಸೆಯಬೇಡಿ. ಹೊಸ ಹುಲ್ಲು ಚಿಗುರಲೆಂದು ಗುಟ್ಟಾಗಿ ಬೆಂಕಿ ಇಡುವ ಅಭ್ಯಾಸ ಯಾರಿಗಿದೆ ಎಂಬುದು ಊರಿಗೆ ಗೊತ್ತಿರುತ್ತದೆ. ಊರೇ ಕೂತು ಮಾತನಾಡಬೇಕು. ಶಿಕ್ಷಕ ಮಿತ್ರರಲ್ಲಿ ಬಿನ್ನಹ: ಪ್ರತಿ ವರ್ಷ ಬೆಂಕಿ ರೇಖೆ ಎಳೆಯುವ ದಿನ ಮೇಲಿನ ತರಗತಿಯ ಮಕ್ಕಳನ್ನು ಇಲಾಖೆಯವರ ಅನುಮತಿ ಪಡೆದು ಕರೆದುಕೊಂಡು ಹೋಗಿ ತೋರಿಸೋಣ.

ಹಿರಿಯ ವಿದ್ಯಾರ್ಥಿಗಳಲ್ಲಿ ನಮ್ಮ ಬಿನ್ನಹ ಸ್ವಲ್ಪ ಮುಜುಗರದ್ದು. ತಾವು ಕೂಡಿಸಿದ ಶತಮಾನೋತ್ಸವ ನಿಧಿಯಿಂದ ಶಾಲೆಯ ಮುಂದೆ ಕಲ್ಲಿನ ಸ್ವಾಗತ ಕಮಾನು ಕಟ್ಟಿಸಬೇಕೆಂದು ತೀರ್ಮಾನವಾಗಿದೆ. ತಮ್ಮ ಅಭಿಮಾನಕ್ಕೆ ನಾವು ತಲೆಬಾಗುತ್ತೇವೆ. ಆದರೆ ಈ ಶಾಲೆಯ ಮಕ್ಕಳ ತಂದೆಯರಲ್ಲಿ ಹಲವರು ಬೇಸಿಗೆಯ ನಾಲ್ಕು ತಿಂಗಳು ಹವಾಯಿ ಚಪ್ಪಲಿಯಲ್ಲಿ ಬೆಂಕಿಗೆ ಹೋಗುತ್ತಾರೆ. ಕರಗದ ದಪ್ಪ ಅಟ್ಟೆಯ ಬೂಟು, ಮೈತುಂಬ ಹತ್ತಿಯ ಬಟ್ಟೆ, ಹೊಗೆಗೆ ಮುಖ ಮುಚ್ಚಿಕೊಳ್ಳಲು ಅರಿವೆ, ಬೆನ್ನಿಗೆ ಹಾಕಿಕೊಳ್ಳುವ ಕುಡಿಯುವ ನೀರಿನ ಚೀಲ, ಒಂದು ಅಪಘಾತ ವಿಮೆ, ಇವುಗಳಿಗೆ ಕಮಾನಿನಷ್ಟು ಹಣ ಬೇಕಾಗಲಾರದು. ಇದನ್ನೆಲ್ಲ ಕೊಡಬೇಕಾದವರು ಬೇರೆಯವರಲ್ಲವೆ ಎಂದು ತಾವು ಕೇಳಬಹುದು. ಹೌದು, ಕೇಳಲೂ ಬೇಕು, ಅರ್ಜಿ ಬರೆಯಲೂ ಬೇಕು. ಆ ಅರ್ಜಿಯನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ನಾವೇ ಬರೆದುಕೊಡುತ್ತೇವೆ. ಆದರೆ ಉತ್ತರ ಬರುವ ಮೊದಲು ಮುಂದಿನ ಬೇಸಿಗೆ ಬರುತ್ತದೆ. ಕಮಾನು ಒಂದು ವರ್ಷ ತಡವಾದರೆ ಶಾಲೆಗೆ ಕುಂದಿಲ್ಲ. ಇದನ್ನು ಸಮಿತಿಯ ಮುಂದೆ ಇಡಲು ಅಧ್ಯಕ್ಷರ ಅಪ್ಪಣೆಯನ್ನು ಬೇಡುತ್ತೇವೆ.

ಕೊನೆಯದಾಗಿ, ಕಳೆದ ವರ್ಷ ಎದ್ದು ನಿಂತು ಕೇಳಿದ ಆ ಮಗುವಿಗೆ. ಅಪ್ಪಾ, ಅಂದು ನಿನಗೆ ಅರ್ಧ ಉತ್ತರ ಕೊಟ್ಟಿದ್ದೆವು. ಹೆಲಿಕಾಪ್ಟರು ಬಂದರೂ ನಿನ್ನ ತಂದೆ ಹೋಗಬೇಕಾಗುತ್ತದೆ. ಅದು ಬೆಂಕಿಯ ಸೊಕ್ಕು ಮುರಿದು ಹಿಂದಿರುಗುತ್ತದೆ. ನೆಲದ ಮೇಲೆ ಉಳಿದ ಕೆಂಡವನ್ನು ಆರಿಸುವವರು ನಿನ್ನ ತಂದೆ ಮತ್ತು ಅವರಂಥವರು. ಅವರು ಹೋಗುವುದು ಬೇಡವೆಂದು ಹೇಳುವ ಶಕ್ತಿ ನಮಗಿಲ್ಲ. ಅವರು ಹೋಗಬೇಕಾದ ದಿನಗಳನ್ನು ಕಡಿಮೆ ಮಾಡುವುದು, ಹೋದ ದಿನ ಅವರ ಕಾಲಿಗೆ ಬೂಟು ಇರುವಂತೆ ನೋಡಿಕೊಳ್ಳುವುದು ಈ ಸಭೆಯಲ್ಲಿರುವ ನಮ್ಮೆಲ್ಲರ ಕೈಯಲ್ಲಿದೆ. ಅಷ್ಟನ್ನು ಮಾಡುತ್ತೇವೆಂದು ನಿನ್ನ ಮುಂದೆ, ನಿನ್ನ ತಂದೆಯವರ ಮುಂದೆ ಮಾತು ಕೊಡುತ್ತೇವೆ.